ಚುಮ್ಮಾ ಆಟ

ಲ್ಯಾಪ್‌ಟಾಪಿನಲ್ಲಿ ನಾನು ಕಂಡದ್ದು ನನ್ನ ಹೆಸರೇ ಹೌದೋ, ಆಮೇಲೆ ನಾನೇ ಸೇರಿಸಿಕೊಂಡೆನೋ ಎಂಬ ಅನುಮಾನ ಈಗ ಬರುತ್ತಿದೆ. ಗಡಿಯಾಚೆಯ ಆಲಸನತ್ತಂ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಫ್ಯಾಕ್ಟರಿ ಸೂಪರ್‌ವೈಸರ್ ಭಾನುವಾರ ಆ ಲ್ಯಾಪ್‌ಟಾಪಿನ ವಿಡಿಯೋ ಗೇಮಿನಲ್ಲಿ ಫುಟ್‌ಬಾಲ್ ತಂಡವೊಂದನ್ನು ನಡೆಸುತ್ತಿದ್ದರು. ಇಂಗ್ಲೆಂಡಿನ ಯಾವುದೋ ಕೆಳದರ್ಜೆ ಲೀಗಿನ ಬಡ ತಂಡ. ಆಟಗಾರರಿಗೆಲ್ಲ ನಮ್ಮ ಫ್ಯಾಕ್ಟರಿಯ ಹುಡುಗರ ಹೆಸರಿಟ್ಟಿದ್ದರು. ಯಾರನ್ನಾದರೂ ಬೇರೆ ತಂಡಕ್ಕೆ ಮಾರುವ ಮೊದಲು ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸುವರು.

ಒಮ್ಮೆ ಗೋಲ್‌ಕೀಪರ್ ಮುನಿರಾಜನನ್ನು ಮಾರಿದರು. ಅದೇ ವಾರ ಫ್ಯಾಕ್ಟರಿಯಲ್ಲಿ ವೆಲ್ಡರ್ ಮುನಿರಾಜನನ್ನು ಕೆಲಸದಿಂದ ತೆಗೆದರು. ಕೇಳಿದರೆ, "ಇದು ಚುಮ್ಮಾ ಆಟ ಕಣ್ಲಾ, ಸುಮ್ಕೆ ಆಡೋದು" ಎಂದರು.

ಆಗ ನನ್ನನ್ನು ಪರ್ಮನೆಂಟ್ ಮಾಡುವ ಮಾತು ನಡೆದಿತ್ತು. ಮುಂದಿನ ಭಾನುವಾರ ನೋಡಿದರೆ ಆಟದಲ್ಲಿ ನಾನು ಬದಲಿ ಆಟಗಾರರ ಬೆಂಚಿನ ಮೇಲಿದ್ದೆ.

"ಸಾರ್, ನನ್ನೂ ಒಂದ್ ಮ್ಯಾಚ್ ಆಡ್ಸಿ."

"ಚುಮ್ಮಾ ಆಟಕ್ಕೆ ಯಾಕ್ಲಾ ಹಿಂಗ್ ಬೆವರ್ತೀಯಾ?"

ನಗುತ್ತಲೇ ಕೊನೆಯ ಗಳಿಗೆಯಲ್ಲಿ ನನ್ನನ್ನು ಮೈದಾನಕ್ಕೆ ಇಳಿಸಿದರು. ಸಿಕ್ಕ ಪೆನಾಲ್ಟಿಯನ್ನು ತೆರೆಯ ಮೇಲಿನ ನಾನು ಗೋಲಿನಾಚೆ ಒದ್ದೆ. ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು.

ಆ ಸಲ ಪರ್ಮನೆಂಟ್ ಆದವನು ಬೇರೆಯವನು. ನಾನು ಬೇರೆ ಫ್ಯಾಕ್ಟರಿ ಸೇರಿದೆ, ಅವರು ಮೇಲಿನ ಮನೆ ಖಾಲಿ ಮಾಡಿಕೊಂಡು ಹೋದರು. ಪೆನಾಲ್ಟಿಗೆ ಮೊದಲೇ ಅವರು ನನ್ನ ವಿಷಯ ತೀರ್ಮಾನಿಸಿದ್ದರೇ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.