ಸಾಬಮ್ಮನ ದನಿ ಅಳಿಸಿದ ಪ್ಲಗಿನ್

ಸಾಬಮ್ಮ ನಮ್ಮ ಮನೆಯ ಚಹಾ ಮುಟ್ಟಲಿಲ್ಲ.

ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಶಹಾಪುರದಲ್ಲಿ ಒಬ್ಬರು ನಿಮ್ಮ ಮನೆಗೆ ಬಂದು, ಕುಂತು, ಮುಂದಿಟ್ಟ ಚಹಾ ಆರಿ ಕೆನೆಗಟ್ಟುವವರೆಗೂ ಸುಮ್ಮನಿದ್ದರೆ ಅವರು ಜಗಳಕ್ಕೆ ಬಂದಿದ್ದಾರೆ. ಬಾಯಿ ತೆಗೆಯುವುದಷ್ಟೇ ಬಾಕಿ.

ಸಾಬಮ್ಮ ಯಾರು? ನನ್ನ ದೊಡ್ಡವ್ವನ ಜೋಡಿ. ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ, ಹೆಸರು ಮಾನಮ್ಮ. ಸುರಪುರದಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಸಾಬಮ್ಮನದೂ ಅದೇ ಓಣಿ. ಮದುವೆ ಇರಲಿ, ಬಸುರಿಯ ಕುಬಸ ಇರಲಿ, ತೊಟ್ಟಿಲು ಇರಲಿ, ಇಬ್ಬರೂ ಕೂಡಿಯೇ ಹೋಗುತ್ತಾರೆ, ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಂತು ಸೋಬಾನ ಹಾಡುತ್ತಾರೆ. ದೊಡ್ಡವ್ವ ಸೊಲ್ಲು ಎತ್ತುತ್ತಾಳೆ. ಆಕೆಯ ಸಾಲು ಮುಗಿಯುವ ಮೊದಲೇ ಸಾಬಮ್ಮ ಅದರ ತುದಿ ಹಿಡಿದು ಎಳೆಯುತ್ತಾಳೆ. ಅಷ್ಟರಲ್ಲಿ ದೊಡ್ಡವ್ವ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ತಯಾರು. ಹೀಗಾಗಿ ಹಾಡು ನಡುವೆ ಎಲ್ಲೂ ನಿಲ್ಲುವುದಿಲ್ಲ. ನಲವತ್ತು ವರ್ಷದಿಂದ ನಿಂತಿರಲಿಲ್ಲ.

ಅದನ್ನು ನಿಲ್ಲಿಸಿದ ಕೀರ್ತಿ ನನ್ನದು. ಹೇಗೆ ಅಂತೀರಾ? ಒಂದು ಪ್ಲಗಿನ್ ಹಾಕಿ!

ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತೇ ಇದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮುಗಿಸಿ ಮನೆಗೆ ಬಂದರೆ ನಾನು ನೇರ ಹಿಂದಿನ ಕೋಣೆಗೆ ಹೋಗುತ್ತೇನೆ. ಮೊದಲು ಅಲ್ಲಿ ಜೋಳದ ಚೀಲಗಳಿದ್ದವು. ಈಗಲೂ ಇವೆ. ಜೊತೆಗೆ ಒಂದು ಮೈಕು, ಒಂದು ಲ್ಯಾಪ್‌ಟಾಪು, ಒಂದು ಹೆಡ್‌ಫೋನು ಸೇರಿಕೊಂಡಿವೆ. ದನಿ ಗೋಡೆಗೆ ಬಡಿದು ಮರಳಿ ಬರಬಾರದೆಂದು ನಾಲ್ಕೂ ಕಡೆ ಹಳೆ ಬಟ್ಟೆ ಹೊಲಿದ ಕೌದಿ ತೂಗುಹಾಕಿದ್ದೇನೆ. (ಜೋಳದ ಚೀಲವೂ ದನಿಯನ್ನು ಚೆನ್ನಾಗಿ ಹೀರುತ್ತದೆ. ಇದು ಯೂಟ್ಯೂಬಿನವರಿಗೆ ಗೊತ್ತಿಲ್ಲದ ಸಂಗತಿ.) ನಾನು ಅದನ್ನು ಸ್ಟುಡಿಯೋ ಅನ್ನುತ್ತೇನೆ. ನನ್ನ ಹೆಂಡತಿ ಬಂದವರಿಗೆಲ್ಲ, "ಒಳಗ ಕೌದಿ ಅಂಗಡಿ ಇಟ್ಟಾರ ನೋಡ್ರಿ" ಅನ್ನುತ್ತಾಳೆ.

ಇನ್ನು ಪ್ಲಗಿನ್. ಮೈಕಿನಿಂದ ಲ್ಯಾಪ್‌ಟಾಪಿಗೆ ಬಂದ ದನಿಯನ್ನು ತಿದ್ದಿ ತೀಡುವ ಸಣ್ಣಸಣ್ಣ ಸಾಫ್ಟ್‌ವೇರುಗಳಿಗೆ ಹಾಗನ್ನುತ್ತಾರೆ. ದನಿಯೊಳಗಿನ ಗುಂಯ್ ಅನ್ನುವ ಭಾರ ಇಳಿಸಲು ಒಂದು. ಜೋರು ಮತ್ತು ಮೆಲ್ಲನೆಯದನ್ನು ಸಮ ಮಾಡಲು ಇನ್ನೊಂದು. ಕೋಣೆಯಲ್ಲಿ ಹಾಡಿದ್ದನ್ನು ದೊಡ್ಡ ಗುಡಿಯೊಳಗೆ ಹಾಡಿದಂತೆ ಕೇಳಿಸಲು ರಿವರ್ಬ್ ಎಂಬ ಮತ್ತೊಂದು. ಫ್ರೀ ಸಿಗುತ್ತವೆ. ಫ್ರೀ ಸಿಕ್ಕರೆ ಬಿಡುವವರು ಯಾರು? ನನ್ನ ಹತ್ತಿರ ರಿವರ್ಬೇ ಹನ್ನೊಂದು ಇವೆ. ಮದುವೆ ಸೀರೆ ಆರಿಸುವ ಹೆಣ್ಣುಮಕ್ಕಳನ್ನು ಆಡಿಕೊಳ್ಳುವ ಗಂಡಸರೇ, ಒಂದು ಸಾಲಿನ ಹಾಡಿಗೆ ಹನ್ನೊಂದು ರಿವರ್ಬ್ ಹಚ್ಚಿ ತೆಗೆದು, ಕಡೆಗೆ ಮೊದಲನೆಯದಕ್ಕೇ ಮರಳಿದ ನನ್ನನ್ನು ನೋಡಿದ್ದೀರಾ?

ಹೋದ ತಿಂಗಳು ದೊಡ್ಡವ್ವನ ಮೊಮ್ಮಗಳು ಸುನೀತಾಳ ಮದುವೆ ಗೊತ್ತಾಯಿತು. ಮಗಳ ಮಗಳು, ಅಂದರೆ ನಾನು ಸೋದರಮಾವ. ಅರಿಶಿಣದ ದಿನ ಅಜ್ಜಿಯ ಹಾಡು ಸ್ಪೀಕರಿನಲ್ಲಿ ಬರಬೇಕು, ಅದರ ಮೇಲೆ ವಿಡಿಯೋ ಮಾಡಬೇಕು ಎಂದು ಆಕೆಗೆ ಆಸೆ. "ಮಾಮಾ, ನಿಮ್ಮ ಸ್ಟುಡಿಯೋದಾಗ ರೆಕಾರ್ಡ್ ಮಾಡ್ರಲ್ಲ" ಅಂದಳು. ಅದನ್ನು ಸ್ಟುಡಿಯೋ ಎಂದು ಕರೆದ ಮೊದಲ ವ್ಯಕ್ತಿ. ನಾನು ಉಬ್ಬಿಹೋದೆ.

ಇಬ್ಬರನ್ನೂ ಕರೆಸಿದೆ. ಚೀಲಗಳ ನಡುವೆ ಕೂರಿಸಿದೆ. ಮೈಕು ದೊಡ್ಡವ್ವನ ಮುಂದೆ ಇಟ್ಟೆ. ಅವರು ಹಾಡಿದ್ದು ಹೆಸರು ಹಿಡಿದು ಕರೆಯುವ ಹಾಡು. ಬಂಧುಗಳನ್ನು ಒಬ್ಬೊಬ್ಬರಾಗಿ ಹೆಸರಿಟ್ಟು ಕರೆದು, ಬಂದು ಅರಿಶಿಣ ಹಚ್ಚಿರಿ ಅನ್ನುತ್ತಾರೆ. ಮನೆಯಿಂದ ಮನೆಗೆ ಹೆಸರುಗಳು ಬೇರೆ, ಹಾಡು ಅದೇ. ಅಂದು ಹೆಣ್ಣುಮಕ್ಕಳ ಹೆಸರುಗಳನ್ನಷ್ಟೇ ಹಾಡಿ, ಸಂಜೆ ಬಸ್ಸಿಗೆ ಹೋದರು.

ಆಮೇಲೆ ನಾನು ತಿದ್ದಲು ಕುಂತೆ. ನಮ್ಮ ಮನೆ ಹಿಂದಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಸದ್ದು ಹಾಡಿನೊಳಗೆ ಬಂದಿತ್ತು. ಅದಕ್ಕೆಂದು ಹೊಸ ಪ್ಲಗಿನ್ ಒಂದನ್ನು ಇಳಿಸಿಕೊಂಡೆ. ಅದು ಮುಖ್ಯ ದನಿ ಯಾವುದೆಂದು ತಾನೇ ಗುರುತಿಸಿ, ಉಳಿದದ್ದನ್ನೆಲ್ಲ ಗದ್ದಲವೆಂದು ತೆಗೆದುಹಾಕುತ್ತದೆ. ಸ್ಲೈಡರ್ ಎಳೆದಷ್ಟೂ ತೆಗೆಯುತ್ತದೆ. ನಾನು ಎಳೆದೆ. ಮಿಲ್ಲು ಹೋಯಿತು. ಇನ್ನಷ್ಟು ಎಳೆದೆ. ಬಳೆ ಸದ್ದು ಹೋಯಿತು. ಪೂರ್ತಿ ಎಳೆದೆ. ಸಾಬಮ್ಮ ಹೋದಳು.

ಗೊತ್ತಾಗಲಿಲ್ಲವೇ? ಗೊತ್ತಾಯಿತು. ಇಲ್ಲಿ ಸುಳ್ಳು ಹೇಳುವುದಿಲ್ಲ. ಆಕೆ ಹಿಂದಿನಾಕೆ ತಾನೇ, ಹೇಳಿದ್ದನ್ನೇ ಹೇಳುತ್ತಾಳೆ, ದನಿಯೂ ಸ್ವಲ್ಪ ಒಡಕು ಎಂದುಕೊಂಡೆ. ಒಂದೇ ದನಿಯನ್ನು ಎರಡು ಮಾಡುವ ಡಬ್ಲರ್ ಎಂಬ ಪ್ಲಗಿನ್ ನನ್ನ ಹತ್ತಿರ ಇತ್ತು. ಅದನ್ನು ಹಚ್ಚಿದೆ. ದೊಡ್ಡವ್ವನ ಹಿಂದೆ ಈಗ ದೊಡ್ಡವ್ವನೇ ಹಾಡುತ್ತಿದ್ದಳು! ಅದರ ಮೇಲೆ ರಿವರ್ಬ್ ಸುರಿದೆ. ಪ್ರತಿ ಹೆಸರಿನ ಮೊದಲು ದೊಡ್ಡವ್ವ ತುಸು ತಡೆದು ನಿಲ್ಲುವುದು ಕೇಳಿಸಿತು. ಆಹಾ, ಏನು ಸ್ಟೈಲು ಎಂದು ಮೆಚ್ಚಿದೆ. ಮನೆತನದ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಹೆಬ್ಬೆಟ್ಟುಗಳ ಸುರಿಮಳೆ.

ಅದಾಗಿ ಎಂಟು ದಿನಕ್ಕೆ ಭಾನುವಾರ ಸಾಬಮ್ಮ ಬಂದಳು.

"ಚಾ ಇರ್ಲಿ. ಮೊದಲ ಆ ಹಾಡು ಹಚ್ಚು ಸಿದ್ದು" ಅಂದಳು.

ಹಚ್ಚಿದೆ. ಪೂರ್ತಿ ಕೇಳಿದಳು.

"ಇದರಾಗ ನಾ ಎಲ್ಲಿ ಹೋಗೀನಿ?"

"ಸ್ವಲ್ಪ ಸಾಫ್ ಮಾಡೀನಿ ಯವ್ವಾ."

"ಸಾಫ್ ಮಾಡದು ಅಂದ್ರ ಜ್ವಾಳದಾಗಿನ ಹಳ್ಳು ತಗಿಯದು. ನೀ ಜ್ವಾಳಾನ ತಗದೀದಿ."

ಕೆಮಿಸ್ಟ್ರಿ ಲೆಕ್ಚರರ್ ಚಹಾದ ಕಪ್ಪನ್ನು ಆಕೆಯ ಕಡೆ ಇನ್ನಷ್ಟು ಸರಿಸಿದ.

"ನನ್ನ ದನಿ ಹೋದ್ರ ಹೋಗ್ಲಿ. ನಾ ಏನು ಟಿವ್ಯಾಗ ಬರಬೇಕಾಗಿಲ್ಲ. ಆದ್ರ ಮಾನಮ್ಮ ಎಂಟು ದಿನದಿಂದ ನನ್ನ ಕೂಡ ಮಾತಾಡವಲ್ಲಳು. ಮದುವ್ಯಾಗ ಹಾಡಂಗಿಲ್ಲ, ಈ ಮಿಷನ್ ಹಾಡೇ ಹಚ್ರಿ ಅಂತ ಕುಂತಾಳ. ಮನ್ಯಾಗಿನವರು, ಚಲೋ ಆತು, ಮುದುಕಿಗಿ ತ್ರಾಸ ತಪ್ತು ಅಂತಾರ. ನಾ ಏನು ತಪ್ಪು ಮಾಡೀನಿ ಹೇಳು."

ನನಗೇನು ಗೊತ್ತು? ಕನಿಷ್ಠ ಆಕೆಯ ದನಿ ಸತ್ತುಹೋಗಿಲ್ಲ ಎಂದಾದರೂ ತೋರಿಸೋಣ ಎನ್ನಿಸಿತು. ಆ ಪ್ಲಗಿನ್ನಿನಲ್ಲಿ ಒಂದು ಬಟನ್ ಇದೆ. ಒತ್ತಿದರೆ ಏನೇನು ತೆಗೆದುಹಾಕಿದೆಯೋ ಅದನ್ನಷ್ಟೇ ಕೇಳಿಸುತ್ತದೆ. ನಾನು ಅದುವರೆಗೂ ಒತ್ತಿರಲಿಲ್ಲ. (ಕಸದ ಬುಟ್ಟಿ ಯಾರು ನೋಡುತ್ತಾರೆ?)

ಒತ್ತಿದೆ. ಮಿಲ್ಲಿನ ಸದ್ದು ಬಂತು. ಬಳೆ ಬಂತು. ಆಮೇಲೆ ಸಾಬಮ್ಮ ಬಂದಳು. ಸಾಲಿನ ತುದಿ ಹಿಡಿದು ಎಳೆಯುತ್ತಿದ್ದಳು. ಅದಷ್ಟೇ ಅಲ್ಲ. ಎಳೆದಾದ ಮೇಲೆ ಇನ್ನೊಂದು ಕೇಳಿಸಿತು. ಹಾಡಲ್ಲ, ಪಿಸುಮಾತು. "ಹಣಮಂತಿ." ತುಸು ಬಿಟ್ಟು, "ಬಸಲಿಂಗಮ್ಮ." ಮತ್ತೆ ತುಸು ಬಿಟ್ಟು, "ಚಂದ್ರಮ್ಮ."

ದೊಡ್ಡವ್ವ ತಡೆದು ನಿಂತಲ್ಲೆಲ್ಲ, ಹಾಡಬೇಕಾದ ಹೆಸರನ್ನು ಸಾಬಮ್ಮ ಮೊದಲೇ ಆಕೆಯ ಕಿವಿಗೆ ಹಾಕುತ್ತಿದ್ದಳು.

"ಯವ್ವಾ, ದೊಡ್ಡವ್ವಗ ಹೆಸರು ಮರೀತಾವೇನು?"

ಸಾಬಮ್ಮ ಬಾಗಿಲ ಕಡೆ ನೋಡಿದಳು. "ಎರಡು ವರ್ಷ ಆತು. ಮೊದಲ ಊರಿನ ಹೆಸರು ಹೋದವು, ಆಮ್ಯಾಲ ಮಂದೀವು."

"ಮನ್ಯಾಗ ಗೊತ್ತದೇನು?"

"ಗೊತ್ತಾದ್ರ ಏನ್ ಮಾಡ್ತಾರ? ಕುರ್ಚಿ ಹಾಕಿ ಮೂಲ್ಯಾಗ ಕುಂದ್ರಸ್ತಾರ. ಆಕಿಗಿ ಹಾಡು ಹೋಗಿಲ್ಲಪಾ, ಹೆಸರಷ್ಟ ಹೋಗ್ಯಾವ. ಹೆಸರು ನಾ ಕೊಡ್ತೀನಿ, ಆಕಿ ಹಾಡ್ತಾಳ. ಯಾರಿಗೇನು ತ್ರಾಸ?"

(ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರಿ ಎಂದವಳು ದೊಡ್ಡವ್ವನೇ. "ನನ್ನ ದನಿ ಇನ್ನಾ ಗಟ್ಟಿ ಅದ ಅಂತನೂ ಬರಿ" ಎಂಬ ಷರತ್ತು ಹಾಕಿದಳು. ಬರೆದಿದ್ದೇನೆ. ದೊಡ್ಡವ್ವನ ದನಿ ಇನ್ನೂ ಗಟ್ಟಿ ಇದೆ.)

ಅಂದೇ ಮಧ್ಯಾಹ್ನ ಇಬ್ಬರೂ ಸುರಪುರದ ಬಸ್ಸು ಹತ್ತಿದೆವು. ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ಏನೂ ಹಚ್ಚದ, ಏನೂ ತೆಗೆಯದ ಮೂಲ ರೆಕಾರ್ಡಿಂಗು. ನನಗೆ ಭಯವಾಗಿತ್ತು. ನಲವತ್ತು ವರ್ಷದ ಗೆಳೆತನ ನನ್ನ ಒಂದು ಬೆರಳಿನಿಂದ ಮುರಿದಿದ್ದರೆ ಯಾವ ಸಾಫ್ಟ್‌ವೇರ್ ಹಚ್ಚಿ ಕೂಡಿಸಲಿ?

ದೊಡ್ಡವ್ವ ಅಂಗಳದಲ್ಲಿ ಮದುವೆಯ ಶಾವಿಗೆ ಒಣಹಾಕಿಕೊಂಡು ಕುಂತಿದ್ದಳು. ಸಾಬಮ್ಮನನ್ನು ನೋಡಿ ಮುಖ ತಿರುವಿದಳು. ಮನೆಮಂದಿ ಒಳಗಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಹಾಡು ಹಚ್ಚಿದೆ. ಮಿಲ್ಲು, ಬಳೆ, ದೊಡ್ಡವ್ವ, ಹಿಂದೆ ಸಾಬಮ್ಮ. "ಹಣಮಂತಿ" ಎಂಬ ಪಿಸುಮಾತು ಬಂದಾಗ ದೊಡ್ಡವ್ವ ಕೈಯಲ್ಲಿದ್ದ ಶಾವಿಗೆ ಕೆಳಗಿಟ್ಟಳು.

"ಇದು ಯಾವಾಗಿಂದು?"

"ಅದೇ ದಿನದ್ದು ದೊಡ್ಡವ್ವ. ನೀ ಮೊದಲ ಕೇಳಿದ್ದರಾಗ ಸಾಬಮ್ಮನ ದನಿ ನಾನ ತಗದಿದ್ದೆ."

ಆಕೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ.

"ಆವತ್ತು ಸಾಬಿ ಹೆಸರು ಹೇಳಿಕೊಟ್ಟಿದ್ಲು ಅಂತ ನನಗ ನೆನಪಿತ್ತು. ಆದ್ರ ಫೋನಿನಾಗ ಕೇಳಿದ್ರ ಆಕಿ ಇಲ್ಲ. ನಾ ಒಬ್ಬಾಕೆ ನಿಂತು ನಿಂತು ಹಾಡಾಕತ್ತೀನಿ. ನನ್ನ ನೆನಪು ನಂಬಾಂಗಿಲ್ಲಲ್ಲ ಈಗ, ಅದಕ್ಕ ಮಿಷನ್ ನಂಬಿದೆ. ಈಕಿಗಿ ಬ್ಯಾಸರಾಗಿ ನನ್ನ ಬಿಟ್ಟಾಳ ಅಂತ ತಿಳಕೊಂಡೆ."

ನನಗೆ ನೆಲ ಸೀಳಿ ಒಳಗೆ ಹೋಗಬೇಕೆನ್ನಿಸಿತು.

"ಮಿಷನ್ ಸುಳ್ಳು ಹೇಳ್ತದೇನು ಸಿದ್ದು?" ದೊಡ್ಡವ್ವ ಕೇಳಿದಳು.

"ಅದು ಹೇಳಿಲ್ಲ ದೊಡ್ಡವ್ವ. ನಾ ಹೇಳಸೀನಿ."

ಸಾಬಮ್ಮ ಹೋಗಿ ಆಕೆಯ ಪಕ್ಕ ಕುಂತಳು. "ಹುಚ್ಚಿ! ನಾ ಬಿಟ್ಟು ಹೋಗಾಕಿ ಇದ್ರ ನಿನ್ನ ಗಂಡ ನನಗ ಬೈದಾಗನ ಹೋಗಿರತಿದ್ದೆ" ಅಂದಳು. ಇಬ್ಬರೂ ನಗತೊಡಗಿದರು. ನಗುತ್ತ ನಗುತ್ತ ದೊಡ್ಡವ್ವ ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರೂ ಕೂಡಿ ನನ್ನನ್ನು ಬೈದರು. ಆ ಬೈಗುಳ ಅಂಕಣದಲ್ಲಿ ಅಚ್ಚಾಗುವಂಥದ್ದಲ್ಲ.

ಅಂದಿನಿಂದ ನಾನು ಬಹಳಷ್ಟು ಪ್ಲಗಿನ್ ತೆಗೆದುಹಾಕಿದ್ದೇನೆ. ರಿವರ್ಬ್ ಹನ್ನೊಂದಿದ್ದದ್ದು ಎರಡಾಗಿದೆ. ಹೊಸದಾಗಿ ರೆಕಾರ್ಡಿಂಗ್ ಶುರುಮಾಡಿರುವ ಹುಡುಗ ಹುಡುಗಿಯರು ಯಾವ ಪ್ಲಗಿನ್ ತಗೋಬೇಕು ಸರ್ ಎಂದು ಕೇಳುತ್ತಿರುತ್ತೀರಿ. ಯಾವುದನ್ನಾದರೂ ತಗೊಳ್ಳಿ. ಸದ್ದು ತೆಗೆಯುವುದನ್ನು ಹಚ್ಚಿದರೆ ಮಾತ್ರ, ಅದು ತೆಗೆದದ್ದನ್ನು ಕೇಳಿಸುವ ಬಟನ್ನನ್ನು ಮೊದಲು ಒತ್ತಿ, ಪೂರ್ತಿ ಕೇಳಿ. ಅಲ್ಲಿ ಮಿಲ್ಲು ಮಾತ್ರ ಇದ್ದರೆ ನಿಮ್ಮ ಕೆಲಸ ಸರಿ ಇದೆ. ಮನುಷ್ಯರು ಕೇಳಿಸಿದರೆ ಸ್ಲೈಡರ್ ಹಿಂದಕ್ಕೆ ಎಳೆಯಿರಿ. ಇಷ್ಟು ತಿಳಿಯಲು ನನಗೆ ಸುರಪುರದ ಬೈಗುಳ ಬೇಕಾಯಿತು.

ಹೋದ ವಾರ ಸುನೀತಾಳ ಅರಿಶಿಣ ಆಯಿತು. ಸ್ಪೀಕರ್ ಹಚ್ಚಲಿಲ್ಲ. ಇಬ್ಬರೂ ಚಾಪೆಯ ಮೇಲೆ ಕುಂತು ಹಾಡಿದರು. ವಿಡಿಯೋ ಬೇಕೆಂದಿದ್ದ ಸುನೀತಾಳೇ ಅಳುತ್ತಿದ್ದಳು. ಅತ್ತೆಯರ ಹೆಸರು ಮುಗಿಯಿತು, ಚಿಕ್ಕವ್ವಂದಿರ ಹೆಸರು ಮುಗಿಯಿತು. ದೊಡ್ಡವ್ವ ಎಲ್ಲೂ ತಡವರಿಸಲಿಲ್ಲ. ಅಂದರೆ, ತಡವರಿಸಿದ್ದು ಯಾರಿಗೂ ಕೇಳಿಸಲಿಲ್ಲ.

ಸೋದರಮಾವನ ಸರದಿ ಬಂತು. ನಾನು ಅರಿಶಿಣದ ಬಟ್ಟಲು ಹಿಡಿದು ಎದುರಿಗೇ ನಿಂತಿದ್ದೆ. ದೊಡ್ಡವ್ವ ಸೊಲ್ಲು ಎತ್ತಿದಳು. ನನ್ನ ಮುಖ ನೋಡಿದಳು. ಚಡ್ಡಿ ಹಾಕುವ ಕಾಲದಿಂದ ಎತ್ತಿ ಆಡಿಸಿದವನ ಮುಖ. ನೋಡುತ್ತಲೇ ಇದ್ದಳು. ಹೆಸರು ಬರಲಿಲ್ಲ.

ಸಾಬಮ್ಮ ಸಾಲಿನ ತುದಿಯನ್ನು ಇನ್ನೊಂದಿಷ್ಟು ಎಳೆದು, ತಲೆ ಬಾಗಿಸಿ, ತುಟಿ ಅಲ್ಲಾಡಿಸದೆ ಅಂದಳು. "ಸಿದ್ದು."

"ಸಿದ್ದಲಿಂಗ" ಎಂದು ದೊಡ್ಡವ್ವ ಗಟ್ಟಿಯಾಗಿ ಹಾಡಿದಳು.

ನಾನು ಗದ್ದಲವೆಂದು ಅಳಿಸಿದ್ದು ಇದನ್ನು.