ನೋವಿನ ಲಿಮಿಟ್ ಎಲ್ಲಿ

ಚಿಗವ್ವನ ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಹೊರಗೆ ರೋಗಿಗಳ ಸಾಲು ಉದ್ದವಿತ್ತು, ವಿವರಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಲಿಂಗಂಪಲ್ಲಿಯ ಮನೆಗೆ ಬಂದು ಚಹಾ ಕುಡಿದ ಮೇಲೆ ಚಿಗವ್ವ, "ಏನ್ ಬರದಾರ ನೋಡವ್ವ," ಅಂದಳು.

ಚಿಗವ್ವ ನನ್ನ ತಾಯಿಯ ತಂಗಿ. ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು, ಇಪ್ಪತ್ತೈದು ವರ್ಷ ಕಟ್ಟಡದ ಕೆಲಸದಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಪಾದದ ಕೀಲಿನ ಎಲುಬು ಮುರಿದಾಗಲೂ, ನಾನು ಆಫೀಸಿನಿಂದ ಬರುವತನಕ ಯಾರನ್ನೂ ಕರೆಯದೆ ಗೋಡೆಗೆ ಒರಗಿ ಕೂತಿದ್ದಳು.

ಚೀಟಿಯಲ್ಲಿ ಗುಳಿಗೆಗಳ ಹೆಸರಿನ ಕೆಳಗೆ 'ವಾಕ್ ಅಪ್ ಟು ಪೇನ್ ಲಿಮಿಟ್' ಎಂದಿತ್ತು. ದಿನವಿಡೀ ಇಂಗ್ಲಿಷ್ ಪತ್ರ ಬರೆಯುವ ನೌಕರಿ ನನ್ನದು. ಇಷ್ಟು ಸಣ್ಣ ಮಾತಿಗೆ ಎರಡು ಸಲ ಯೋಚಿಸಲಿಲ್ಲ.

"ನೋವು ತಡ್ಕೊಳ್ಳಾಕ ಆಗೋತನಕ ನಡೀಬೇಕಂತ," ಅಂದೆ.

"ಆತು ತಗೊ, ಅದೇನ್ ದೊಡ್ಡದು."

ನಾಲ್ಕನೆಯ ದಿನ ಸಂಜೆ ಮನೆಗೆ ಬಂದಾಗ ಅವಳು ಪಾದವನ್ನು ಸೀರೆಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಸರಿಸಿ ನೋಡಿದರೆ ಕಾಲು ಬಾತು, ಚರ್ಮ ಹೊಳೆಯುತ್ತಿತ್ತು. ನಾನು ಆಫೀಸಿಗೆ ಹೋದ ಕೂಡಲೇ ಮನೆ ಮುಂದಿನ ಉದ್ದ ವರಾಂಡದಲ್ಲಿ ನಡೆಯಲು ಸುರುಮಾಡಿದರೆ ಊಟದ ಹೊತ್ತಿಗಷ್ಟೇ ನಿಲ್ಲುತ್ತಿದ್ದಳಂತೆ.

"ಇಷ್ಟ್ಯಾಕ ನಡದಿ ಚಿಗವ್ವ?"

"ನೀನ ಹೇಳಿದ್ಯಲ್ಲ, ತಡ್ಕೊಳ್ಳಾಕ ಆಗೋತನಕ ಅಂತ. ನನಗ ಇನ್ನೂ ತಡ್ಕೊಳ್ಳಾಕ ಆಗತಿತ್ತು."

ಮರುದಿನ ಮುಂಜಾನೆ ಮತ್ತೆ ಆಸ್ಪತ್ರೆಗೆ ಹೋದೆವು. ವ್ಯಾಯಾಮ ಕಲಿಸುವ ತೆಲುಗು ಹುಡುಗಿ ಪಾದವನ್ನು ಮೆಲ್ಲಗೆ ಒತ್ತಿ ನೋಡಿ, ಚೀಟಿ ಓದಿ, ಚಿಗವ್ವನಿಗೆ ನಾನು ಏನೆಂದು ಹೇಳಿದ್ದೆನೆಂದು ಕೇಳಿದಳು. ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಇಲ್ಲಿ ಲಿಮಿಟ್ ಅಂದರೆ ಸಹನೆ ಮುಗಿಯುವ ಜಾಗವಲ್ಲ, ನೋವು ಸುರುವಾಗುವ ಜಾಗ, ಅಲ್ಲೇ ನಿಲ್ಲಬೇಕು ಎಂದು ಹಿಂದಿಯಲ್ಲಿ ನನಗೆ ಬಿಡಿಸಿ ಹೇಳಿದಳು. ಆಮೇಲೆ ಚಿಗವ್ವನ ಕಡೆ ತಿರುಗಿ, ಎಷ್ಟು ಹೆಜ್ಜೆಗೆ ನೋವು ಬರುತ್ತದೆ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದಳು.

ಚಿಗವ್ವನ ತೆಲುಗು ನನಗಿಂತ ಚಲೋ. ಆದರೂ ಆ ಹುಡುಗಿಗೆ ಉತ್ತರ ಕೊಡದೆ ನನ್ನ ಮುಖ ನೋಡಿದಳು. "ಎಲ್ಲಿ ಸುರು ಆಗ್ತೈತಿ ಅಂತ ನಾ ಯಾವಾಗ ನೋಡೀನವ್ವ? ಬುಟ್ಟಿ ಇಳಿಸಿದ ಮ್ಯಾಲ ನೋವು ಗೊತ್ತಾಗತಿತ್ತು."

ನಾನು ಅದನ್ನು ಹಿಂದಿಗೆ ತರಲು ಹೋಗಿ ನಡುವೆಯೇ ತಡವರಿಸಿದೆ.

ಊತ ಇಳಿಯಲು ಎರಡು ವಾರ ಹಿಡಿಯಿತು. ಆಮೇಲೆ ರಜೆ ಹಾಕಿ ನಾನೇ ಅವಳ ಮೊಣಕೈ ಹಿಡಿದು ವರಾಂಡದಲ್ಲಿ ನಡೆಸಿದೆ. ಹೆಜ್ಜೆ ಹೆಜ್ಜೆಗೂ "ಈಗ?" ಅಂತ ಕೇಳುವುದು, ಅವಳು "ಇಲ್ಲ" ಅನ್ನುವುದು.

"ಹಲ್ಲು ಕಚ್ಚಾಕತ್ತಿಯಲ್ಲ."

"ಅದು ನೋವಿಗಲ್ಲ, ರೂಢಿ."

ಮೂರನೆಯ ದಿನ ಪಕ್ಕದ ಮನೆಯ ಬಾಗಿಲ ಹತ್ತಿರ ತಾನಾಗಿಯೇ ನಿಂತಳು. "ಇಲ್ಲಿ ಸುರು ಆತು ನೋಡು," ಎಂದು ತಗ್ಗಿದ ದನಿಯಲ್ಲಿ ಹೇಳಿ ಅತ್ತಿತ್ತ ನೋಡಿದಳು. ಕೆಲಸದ ನಡುವೆ ಕೂತಿದ್ದನ್ನು ಮೇಸ್ತ್ರಿ ಕಂಡುಬಿಟ್ಟನೇನೋ ಎಂಬಂಥ ಮುಖ. ಕುರ್ಚಿ ತಂದು ಕೂಡಿಸಿ, ನಾನು ಕೆಳಗೆ ಕೂತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ.

"ತಪ್ಪು ನಂದು, ಚಿಗವ್ವ. ಓದೂ ಬರತಿತ್ತು, ನೀ ಎಂಥಾಕಿ ಅಂತ ಗೊತ್ತೂ ಇತ್ತು."

"ನಾ ತಡ್ಕೊಳ್ಳಾಕಿ ಅಂತ ಗೊತ್ತಿತ್ತಂತನ ಹಂಗ ಹೇಳೀದಿ," ಅಂದಳು. ನನ್ನನ್ನು ಸಮಾಧಾನಪಡಿಸಲು ಹೇಳಿದ ಮಾತು. ನನಗೆ ಮಾತ್ರ ಅದೇ ಹೆಚ್ಚು ಚುಚ್ಚಿತು.

ಈಗ ಸ್ವಲ್ಪ ಕುಂಟುತ್ತಾಳೆ, ಆದರೆ ಎಲ್ಲ ಕಡೆ ಓಡಾಡುತ್ತಾಳೆ. ಹೋದ ವಾರ ಲಿಂಗಂಪಲ್ಲಿ ಸ್ಟೇಶನ್ನಿನ ಮೇಲ್ಸೇತುವೆ ಹತ್ತುವಾಗ ನಡುವೆ ಕಂಬಿ ಹಿಡಿದು ನಿಂತುಬಿಟ್ಟಳು. ಹಿಂದಿನವರು ರೈಲು ಬಂತು, ಜಲ್ದಿ ಜಲ್ದಿ ಅಂದರು. ತಿರುಗಿ ನೋಡಿ ತೆಲುಗಿನಲ್ಲಿ, ಪಕ್ಕದಿಂದ ಹೋಗಿರಪ್ಪಾ ಅಂದಳು. ಅವರು ಹೋದರು. ನಾವು ಆ ರೈಲು ಬಿಟ್ಟು ಮುಂದಿನದನ್ನು ಹತ್ತಿದೆವು.