ಕಾಕು ಹಿಡಿದ ಉಳ್ಳಾಗಡ್ಡಿ

ಮೊನ್ನೆ ಊಟದ ಹೊತ್ತಿಗೆ ನನ್ನ ಹೆಂಡತಿ ಉಳ್ಳಾಗಡ್ಡಿಯನ್ನು ಹೆಚ್ಚದೆ ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿದಳು. ಘಾಟು ಮೂಗಿಗೇರಿತು. ಅದರ ಬೆನ್ನಿಗೇ, ಮನೆಯಲ್ಲಿ ಎಲ್ಲೂ ಇಲ್ಲದ ಪೆಟ್ರೋಲಿನ ವಾಸನೆಯೂ ಬಂದಂತಾಯಿತು. ನನಗೆ ಇವೆರಡೂ ಜೋಡಿಯಾಗಿಯೇ ನೆನಪಿವೆ. ತಾಟು ಬಿಟ್ಟು ಎದ್ದು ಹೊರಗೆ ಹೋದೆ.

ಮರಾಠಿ ಸೀಮೆಯ ಧನಕವಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಯನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ತವರು ವಿಜಯಪುರದ ಕಡೆ, ಗಂಡನ ಹೊಲ ಇಂದಾಪುರದ ಹತ್ತಿರ. ಗಂಡ ತೀರಿದ ಮೇಲೆ ಹೊಲದ ಉಸ್ತುವಾರಿಯೂ ಅವರದೇ. ಮರಾಠಿ ಸರಾಗವಾಗಿ ಬರುತ್ತಿತ್ತು. ಸಿಟ್ಟು, ಗಾಬರಿ ಮಾತ್ರ ಕನ್ನಡದಲ್ಲಿ. ಯಾರಿಗೆ ಏನೇ ಆಗಲಿ, ಅವರ ಔಷಧ ಒಂದೇ: ಉಳ್ಳಾಗಡ್ಡಿ ಗುದ್ದಿ ಮೂಗಿಗೆ ಹಿಡಿಯುವುದು. ಬಿಸಿಲಿಗೆ ತಲೆ ಸುತ್ತಿದವರಿಗೂ ಅದೇ, ಪರೀಕ್ಷೆಯಲ್ಲಿ ನಪಾಸಾಗಿ ಮುಸುಕೆಳೆದು ಮಲಗಿದವರಿಗೂ ಅದೇ. ನಾವು ಬಾಡಿಗೆಯವರು ಹಿಂದಿನಿಂದ ನಗುತ್ತಿದ್ದೆವು.

ಒಂದು ರವಿವಾರ ಅವರ ಜೊತೆ ಹೊಲಕ್ಕೆ ಹೋಗಿದ್ದೆ. ಕಬ್ಬು ಕಡಿದಾಗಿತ್ತು. ಬದುವಿನ ಮೇಲೆ ರೊಟ್ಟಿಬುತ್ತಿ ಬಿಚ್ಚಿ ಕೂತಿದ್ದೆವು. ವಿಮಾನ ಕಲಿಯುವವರು ಆ ಕಡೆ ದಿನವೂ ತಲೆಯ ಮೇಲೆ ಸುತ್ತುತ್ತಿದ್ದರಿಂದ ಯಾರೂ ಕತ್ತೆತ್ತುತ್ತಿರಲಿಲ್ಲ. ಅಂದು ಸದ್ದು ನಿಂತುಬಿಟ್ಟಿತು, ಅದಕ್ಕೇ ನೋಡಿದೆವು. ಪುಟ್ಟ ವಿಮಾನವೊಂದು ತೆಪ್ಪಗೆ ತಗ್ಗಿ ಬಂದು ಕಡಿದ ಹೊಲಕ್ಕೆ ಇಳಿಯಿತು. ಸ್ವಲ್ಪ ದೂರ ಸರಿಯಾಗಿಯೇ ಓಡಿತು... ಆಮೇಲೆ ಗಾಲಿ ಸಾಲಿನಲ್ಲಿ ಸಿಕ್ಕು, ಮೂತಿ ನೆಲಕ್ಕೆ ಬಡಿದು, ಒಂದು ರೆಕ್ಕೆ ಮುರಿದು ಬಿತ್ತು.

"ಬ್ಯಾಡ್ರಿ ಕಾಕು, ಬೆಂಕಿ ಹತ್ತೀತು!" ಎಂದು ಕೂಗಿದೆ. ಅವರು ಆಗಲೇ ಓಡುತ್ತಿದ್ದರು, ಕೈಯಲ್ಲಿ ಬುತ್ತಿಯ ಉಳ್ಳಾಗಡ್ಡಿ. ಎಲಾ ಇವರ, ವಿಮಾನಕ್ಕೂ ಉಳ್ಳಾಗಡ್ಡಿಯೇ, ಎಂದು ಅಂಥ ಹೊತ್ತಿನಲ್ಲೂ ನನಗೆ ಅನಿಸಿತು. ಒಳಗೆ ಒಬ್ಬಳೇ ಹುಡುಗಿ, ಬೆಲ್ಟಿಗೆ ಜೋತುಬಿದ್ದು ಎಚ್ಚರ ತಪ್ಪಿದ್ದಳು. ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ನಾನು ಬೆಲ್ಟು ಬಿಚ್ಚಿ ಹೊರಗೆಳೆದೆ. ಕಾಕು ಮುರಿದ ರೆಕ್ಕೆಯ ಮೇಲೆಯೇ ಉಳ್ಳಾಗಡ್ಡಿ ಗುದ್ದಿ ಅವಳ ಮೂಗಿಗೆ ಹಿಡಿದರು. ಹುಡುಗಿ ಕೆಮ್ಮಿ ಕಣ್ಣು ಬಿಟ್ಟಳು.

ನೋಯುತ್ತಿದೆ ಅನ್ನಲಿಲ್ಲ. "ಆಯಿ, ನಮ್ಮ ಬಾಬಾಗೆ ಹೇಳಬೇಡಿ, ಇನ್ನು ಹಾರೋದಕ್ಕೆ ಬಿಡೋದೇ ಇಲ್ಲ," ಎಂದು ಮರಾಠಿಯಲ್ಲಿ ಅತ್ತಳು.

ಇಂಥದ್ದು ಮುಚ್ಚಿಡಲು ಆಗುತ್ತದೆಯೇ? ಅವಳು ದವಾಖಾನೆಯಿಂದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಪೊಲೀಸರ ಜೊತೆ ಹೊಲಕ್ಕೆ ಮರಳುವ ಹೊತ್ತಿಗೆ ತಂದೆ ಬಂದಿದ್ದರು. ಮಗಳ ಮುಖ ನೋಡದೆ, "ಮುಗೀತು, ನಡಿ ಮನೆಗೆ," ಅಂದರು. ಅವಳು ತಲೆ ತಗ್ಗಿಸಿ ಹೊರಟಳು.

ಕಾಕು ತಡೆದರು. ಅಂಜಿದ ಮಗುವನ್ನು ದೃಷ್ಟಿ ತೆಗೆಯದೆ ಕಳಿಸುವ ಪದ್ಧತಿ ಅವರಲ್ಲಿಲ್ಲ. ರೊಟ್ಟಿಯ ಮೇಲೆ ಉಪ್ಪು, ಮೆಣಸಿನಕಾಯಿ ಇಟ್ಟು ಹುಡುಗಿಗೆ ನಿವಾಳಿಸಿದರು. ಆಮೇಲೆ ಇನ್ನೊಂದು ರೊಟ್ಟಿ ತೆಗೆದುಕೊಂಡು ಹೋಗಿ ಆ ವಿಮಾನಕ್ಕೂ ನಿವಾಳಿಸಿದರು! ಪೊಲೀಸರು ಕಿಸಕ್ಕನೆ ನಕ್ಕರು. ಆ ತಗಡಿಗೆ ಯಾಕೆ ಎಂದು ತಂದೆ ಗದರಿದರು.

ಕಾಕು ನನ್ನ ಕಡೆ ತಿರುಗಿದರು. "ಅದೂ ಅಂಜ್ಯಾದ. ಹೇಳೋ ತಮ್ಮಾ ಅವ್ರಿಗೆ, ಇಬ್ರೂ ನಾಳೆ ಮತ್ತ ಹಾರಾವ್ರು. ಅಂಜಿಕಿ ಇಟ್ಟು ಕಳಸಬಾರ್ದು."

ಮರಾಠಿಯಲ್ಲಿ ಹೇಳಿದೆ. ತಂದೆ ಆಗ ಮೊದಲ ಸಲ ಮಗಳ ಪಟ್ಟಿ ಕಟ್ಟಿದ ಕೈ ನೋಡಿದರು. ಹುಡುಗಿ ಕಾಕುವಿನ ಕೈ ಹಿಡಿದು, ಒಂದು ದಿನ ನಿಮ್ಮನ್ನು ಕೂರಿಸಿಕೊಂಡು ಹಾರುತ್ತೇನೆ ಎಂದಳು.

ಆ ದೀಪಾವಳಿಗೆ ನನ್ನ ಫೋನಿಗೆ ಅವಳ ಕರೆ ಬಂತು. ತಂದೆಯೇ ಕರೆತಂದು ಮತ್ತೆ ಕಲಿಯಲು ಬಿಟ್ಟು ಹೋಗಿದ್ದರಂತೆ. ಕಾಕು ಅಂದೇ ಒಂದು ಇಳಕಲ್ ಸೀರೆಯನ್ನು ಟ್ರಂಕಿನಲ್ಲಿ ಬೇರೆ ಎತ್ತಿಟ್ಟರು. ವಿಮಾನಕ್ಕೆ ಉಡುವ ಸೀರೆ ಎಂದು ಅದನ್ನು ಯಾರ ಮದುವೆಗೂ ಉಡಲಿಲ್ಲ.

ನಡುವೆ ಅವಳು ಹೆಚ್ಚಿನ ತರಬೇತಿಗೆಂದು ಹೊರದೇಶಕ್ಕೆ ಹೋದಳು. ಹೋದ ತಿಂಗಳು ಫೋನು ಮಾಡಿದಳು. ದೊಡ್ಡ ವಿಮಾನದ ಕೆಲಸ ಸಿಕ್ಕಿದೆ, ಕಾಕುವಿಗೆ ಯಾವ ದಿನ ಅನುಕೂಲ ಎಂದು ಕೇಳಿದಳು. ನಾನು ಹೇಳಲೇಬೇಕಾಯಿತು. ಶ್ರಾವಣದಲ್ಲಿ ಕಾಕು ಅಡುಗೆಮನೆಯಲ್ಲಿ ಕುಸಿದು ಬಿದ್ದರು, ಸದ್ದು ಕೇಳಿ, ಇನ್ನೂ ಅದೇ ಮನೆಯಲ್ಲಿದ್ದ ನಾನೇ ಓಡಿ ಹೋಗಿದ್ದೆ, ಅಷ್ಟರಲ್ಲಿ...

 

"ಉಳ್ಳಾಗಡ್ಡಿ ಹಿಡಿದಿದ್ರಾ?" ಎಂದಳು.

"ಹಿಡಿದಿದ್ದೆ," ಎಂದೆ.